ಮುಚ್ಚಿದ ಶಾಲೆಯ ಬೀಗ ತೆಗೆಯುವ ಮೊದಲು: ಅಮೆರಿಕದ ಹಿಸ್ಟಾರಿಕ್ ಟ್ಯಾಕ್ಸ್ ಕ್ರೆಡಿಟ್ ಬಳಸುವ ಬಗೆ

ಹೋದ ಆಟಿ ತಿಂಗಳಲ್ಲಿ, ಮಳೆ ಬಿಡದೆ ಹೊಡೆಯುತ್ತಿದ್ದ ಒಂದು ರಾತ್ರಿ, ತಂಗಿಯ ಮಗಳು, ನನ್ನ ಸೊಸೆ, ಓಹಾಯೋದಿಂದ ಫೋನ್ ಮಾಡಿದಳು. "ಮಾವ, ನಮ್ಮ ಊರಲ್ಲಿ ಒಂದು ಹಳೇ ಶಾಲೆ ಇದೆ, 1920ರ ದಶಕದ್ದು. ಮುಚ್ಚಿ ಸುಮಾರು ವರ್ಷ ಆಯ್ತು. ಈಗ ಸಿಟಿಯವರ, ಅಂದ್ರೆ ನಗರಸಭೆಯ ಕೈಯಲ್ಲಿದೆ. ನಾವು ನಾಲ್ಕೈದು ಜನ ಸೇರಿ ತಗೊಂಡು ಬಾಡಿಗೆ ಮನೆ ಮಾಡಿದ್ರೆ ಹೇಗೆ? ಏನೋ ಟ್ಯಾಕ್ಸ್ ಕ್ರೆಡಿಟ್ ಸಿಗ್ತದಂತೆ."

ನಾನು ಮಿಸೌರಿಯ ಸೇಂಟ್ ಲೂಯಿಸ್‌ನಲ್ಲಿ ಒಂಬತ್ತು ವರ್ಷ ಒಬ್ಬ ಆರ್ಕಿಟೆಕ್ಟ್ ಹತ್ತಿರ ನಕ್ಷೆ ಬರೆಯುವ ಕೆಲಸ ಮಾಡಿದವನು. ಅದರಲ್ಲಿ ನಾಲ್ಕು ಹಳೇ ಶಾಲೆಗಳಿದ್ದವು. ಈಗ ಕಾಸರಗೋಡಿನ ನೀರ್ಚಾಲಿನಲ್ಲಿ ಅಡಿಕೆ ತೋಟ ನೋಡಿಕೊಂಡಿದ್ದೇನೆ. ಅವಳಿಗೆ ಮೂರು ರಾತ್ರಿ ಕೂತು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅಮೆರಿಕದ ಸಣ್ಣ ಊರುಗಳಲ್ಲಿರುವ ನಮ್ಮ ಜನರಿಗೆ ಇದು ನೇರವಾಗಿ ಉಪಯೋಗವಾಗುತ್ತದೆ. ಕಾಸರಗೋಡಿನಲ್ಲಿ ಬೀಗ ಬಿದ್ದ ಶಾಲೆಯ ಮುಂದೆ ದಿನಾ ಹಾದು ಹೋಗುವವರಿಗೂ ಇದರಲ್ಲಿ ಕೆಲಸಕ್ಕೆ ಬರುವ ಮಾತಿದೆ. ಅದನ್ನು ಕೊನೆಗೆ ಹೇಳುತ್ತೇನೆ.

ಕ್ರೆಡಿಟ್ ಅಂದರೆ ಏನು

ಆದಾಯದಿಂದ ಕಳೆಯುವ ರಿಯಾಯಿತಿ ಬೇರೆ, ಕ್ರೆಡಿಟ್ ಬೇರೆ. ರಿಯಾಯಿತಿಯಲ್ಲಿ ತೆರಿಗೆ ಬೀಳುವ ಆದಾಯ ಕಡಿಮೆಯಾಗುತ್ತದೆ. ಕ್ರೆಡಿಟ್ ಹಾಗಲ್ಲ. ಕಟ್ಟಬೇಕಾದ ತೆರಿಗೆಯಲ್ಲೇ ಅಷ್ಟು ದುಡ್ಡು ನೇರ ಕಳೆದು ಹೋಗುತ್ತದೆ. ಚರಿತ್ರೆಯ ಮಹತ್ವ ಇರುವ ಹಳೇ ಕಟ್ಟಡವನ್ನು ಸರಿಯಾದ ರೀತಿಯಲ್ಲಿ ದುರಸ್ತಿ ಮಾಡಿ, ಆದಾಯ ಬರುವ ಕೆಲಸಕ್ಕೆ ಬಳಸಿದರೆ, ಲೆಕ್ಕಕ್ಕೆ ಸೇರುವ ದುರಸ್ತಿ ಖರ್ಚಿನ 20% ಅನ್ನು ಅಮೆರಿಕದ ಕೇಂದ್ರ ಸರ್ಕಾರ ಹೀಗೆ ಬಿಟ್ಟುಕೊಡುತ್ತದೆ. ಹಳೇ ಕಟ್ಟಡಗಳಿಗೆ ತೆರಿಗೆಯಲ್ಲಿ ಸಹಾಯ ಮಾಡುವುದು 1976ರ ಕಾನೂನಿನಿಂದ ಶುರುವಾಯಿತು. ಈಗಿನ 20% ದರ 1986ರಿಂದ ಇದೆ. 2017ರ ಕಾನೂನು ಬಂದ ಮೇಲೆ ಅದು ಒಂದೇ ಸಲ ಸಿಗುವುದಿಲ್ಲ. ವರ್ಷಕ್ಕೆ 4% ಹಾಗೆ ಐದು ವರ್ಷ ಸಿಗುತ್ತದೆ.

ಒಂದು ಲೆಕ್ಕ ಹಾಕಿ ನೋಡಿ. ದುರಸ್ತಿಗೆ 40 ಲಕ್ಷ ಡಾಲರ್ ಆಯಿತು ಅಂತ ಇಟ್ಟುಕೊಳ್ಳಿ. ಅದರಲ್ಲಿ 4 ಲಕ್ಷ ಪಾರ್ಕಿಂಗ್, ಅಂಗಳ, ಫ್ರಿಜ್ಜು, ಪೀಠೋಪಕರಣಕ್ಕೆ ಹೋಯಿತು. ಅದು ಲೆಕ್ಕಕ್ಕೆ ಸೇರುವುದಿಲ್ಲ. ಕಟ್ಟಡ ಕೊಂಡ ಬೆಲೆಯೂ ಸೇರುವುದಿಲ್ಲ. ಪಕ್ಕದಲ್ಲಿ ಹೊಸದಾಗಿ ಸೇರಿಸಿ ಕಟ್ಟಿದ ಭಾಗವೂ ಸೇರುವುದಿಲ್ಲ. ಆರ್ಕಿಟೆಕ್ಟ್, ಎಂಜಿನಿಯರ್ ಫೀಸು ಸೇರುತ್ತದೆ. ಉಳಿದ 36 ಲಕ್ಷಕ್ಕೆ 20% ಅಂದರೆ 7 ಲಕ್ಷದ 20 ಸಾವಿರ. ವರ್ಷಕ್ಕೆ 1 ಲಕ್ಷದ 44 ಸಾವಿರ ಡಾಲರ್. ಇದರ ಮೇಲೆ ಹಲವು ರಾಜ್ಯಗಳು ತಮ್ಮದೇ ಕ್ರೆಡಿಟ್ ಕೊಡುತ್ತವೆ. ಓಹಾಯೋದಲ್ಲಿ ಮಾಮೂಲು 25%. ಆದರೆ ಅಲ್ಲಿ ಸ್ಪರ್ಧೆ ಇದೆ. ಅರ್ಜಿ ಹಾಕಿದವರಿಗೆಲ್ಲ ಸಿಗುವುದಿಲ್ಲ. ಕೇಂದ್ರದ್ದಕ್ಕೆ ಸ್ಪರ್ಧೆ ಇಲ್ಲ. ನಿಯಮಕ್ಕೆ ಸರಿಹೊಂದಿದರೆ ಆಯಿತು.

ಇನ್ನೊಂದು ಶರತ್ತು ಇದೆ. ಸುಮ್ನೆ ಬಣ್ಣ ಬಳಿದರೆ ಸಾಲದು. ದುರಸ್ತಿ ಖರ್ಚು ಕಟ್ಟಡದ ಪುಸ್ತಕ ಬೆಲೆಗಿಂತ ಜಾಸ್ತಿ ಇರಬೇಕು, ಅದೂ 24 ತಿಂಗಳ ಒಳಗೆ. ಮೊದಲೇ ಹಂತ ಹಂತವಾಗಿ ಯೋಜನೆ ಹಾಕಿಕೊಂಡಿದ್ದರೆ 60 ತಿಂಗಳು ಸಿಗುತ್ತದೆ. ಪುಸ್ತಕ ಬೆಲೆ ಅಂದರೆ ಕೊಂಡ ಬೆಲೆಯಲ್ಲಿ ಜಾಗದ ಬೆಲೆ ಬಿಟ್ಟು, ಸವಕಳಿ ಕಳೆದು ಉಳಿಯುವುದು. ಸಿಟಿಯವರು ಶಾಲೆಯನ್ನು ಕಡಿಮೆ ಬೆಲೆಗೆ ಕೊಟ್ಟರೆ ಈ ಶರತ್ತು ಸುಲಭವಾಗಿ ದಾಟುತ್ತದೆ. ಹೆಚ್ಚು ಬೆಲೆಗೆ ಕೊಂಡರೆ ಎರಡು ಕಡೆ ನಷ್ಟ. ಕೊಂಡ ದುಡ್ಡಿಗೆ ಕ್ರೆಡಿಟ್ ಇಲ್ಲ, ದಾಟಬೇಕಾದ ಗೆರೆಯೂ ಮೇಲೆ ಹೋಗುತ್ತದೆ. ಸಿಟಿಯವರ ಜೊತೆ ಬೆಲೆ ಮಾತಾಡುವಾಗ ಇದನ್ನು ಅವರಿಗೂ ಬಿಡಿಸಿ ಹೇಳಿ.

ಸಿಟಿಯ ಕಟ್ಟಡ, ಮೊದಲ ಗಂಟು

ಸಿಟಿ ತೆರಿಗೆ ಕಟ್ಟುವುದಿಲ್ಲ. ತೆರಿಗೆಯೇ ಇಲ್ಲದವನಿಗೆ ತೆರಿಗೆಯಲ್ಲಿ ಕಳೆಯುವುದು ಏನನ್ನು? ಸಿಟಿ ತಾನೇ ದುರಸ್ತಿ ಮಾಡಿಸಿ, ಬಿಲ್ಲುಗಳನ್ನೆಲ್ಲ ಜೋಡಿಸಿ ಇಟ್ಟುಕೊಂಡರೂ ಈ ಕ್ರೆಡಿಟ್ ಒಂದು ಡಾಲರೂ ಸಿಗುವುದಿಲ್ಲ. ಆದ್ದರಿಂದ ಕಟ್ಟಡ ಖಾಸಗಿಯವರ ಕೈಗೆ ಬರಲೇಬೇಕು, ಕೆಲಸ ಮುಗಿದು ಬಳಕೆಗೆ ತೆರೆಯುವ ಮೊದಲೇ.

ಅದಕ್ಕೆ ಎರಡು ದಾರಿ. ಒಂದು ಮಾರಾಟ. ಇನ್ನೊಂದು ಉದ್ದದ ಲೀಸು. ಊರಿನ ಜನ "ನಮ್ಮ ಅಜ್ಜಂದಿರು ಕಲಿತ ಶಾಲೆ, ಮಾರಬೇಡಿ" ಅಂತ ಸಭೆಯಲ್ಲಿ ಎದ್ದು ನಿಂತು ಹೇಳುತ್ತಾರೆ. ಅದು ನ್ಯಾಯವಾದ ಮಾತು. ಅಂಥಲ್ಲಿ ಲೀಸು ಒಳ್ಳೆಯದು. ಜಾಗ ಸಿಟಿಯ ಹೆಸರಲ್ಲೇ ಉಳಿಯುತ್ತದೆ. ಆದರೆ ಕೆಲಸ ಮುಗಿದ ದಿನಕ್ಕೆ ಲೀಸಿನಲ್ಲಿ ಬಾಡಿಗೆ ಮನೆಗಳಾದರೆ 27.5 ವರ್ಷ, ಬೇರೆ ವ್ಯಾಪಾರದ ಬಳಕೆಯಾದರೆ 39 ವರ್ಷ ಬಾಕಿ ಇರಬೇಕು. ಸಹಿ ಹಾಕಿದ ದಿನಕ್ಕಲ್ಲ, ಕೆಲಸ ಮುಗಿದ ದಿನಕ್ಕೆ. ಕೆಲಸಕ್ಕೆ ಎರಡು ಮೂರು ವರ್ಷ ಹಿಡಿಯುತ್ತದೆ ಅಲ್ವಾ? ಅಷ್ಟನ್ನೂ ಸೇರಿಸಿ ಬರೆಸಿಕೊಳ್ಳಿ.

ಮೂರನೆಯದು ದಾರಿಯಲ್ಲ, ಗುಂಡಿ. ಸಿಟಿಯವರು ಶಾಲೆ ಮಾರಿ, ಆಮೇಲೆ ಅದರಲ್ಲೇ ತಮ್ಮ ಆಫೀಸು, ಲೈಬ್ರರಿಗೆ ಜಾಗ ಬಾಡಿಗೆಗೆ ಕೇಳುತ್ತಾರೆ. ಕೇಳುವಾಗ ಬಹಳ ಹಿತವಾಗಿರುತ್ತದೆ, ಬಾಡಿಗೆ ಖಾತ್ರಿ ಅಂತ ಅನ್ನಿಸುತ್ತದೆ. ಆದರೆ ಮಾರಿದವರೇ ಬಾಡಿಗೆಗೆ ವಾಪಸು ಬರುವುದು, 20 ವರ್ಷಕ್ಕಿಂತ ಉದ್ದದ ಲೀಸು, ಕೊನೆಗೆ ನಾವೇ ಕೊಳ್ಳುತ್ತೇವೆ ಅನ್ನುವ ಶರತ್ತು, ಇವುಗಳಲ್ಲಿ ಯಾವುದಾದರೂ ಒಂದು ಇದ್ದು, ಅರ್ಧಕ್ಕಿಂತ ಜಾಸ್ತಿ ಜಾಗ ತೆರಿಗೆ ಇಲ್ಲದ ಸಂಸ್ಥೆಗಳಿಗೆ ಹೋದರೆ ಕ್ರೆಡಿಟ್ ಕೈ ತಪ್ಪುತ್ತದೆ. ಜಾಗದ ಅಳತೆ ಹಿಡಿದುಕೊಂಡು ವಕೀಲರ ಹತ್ತಿರ ಕೂತ ಮೇಲೆಯೇ ಹೂಂ ಅನ್ನಿ.

ಮಾರುವ ಮೊದಲು ಸಿಟಿ ಮಾಡಬಹುದಾದ ಒಂದು ಒಳ್ಳೆಯ ಕೆಲಸವೂ ಇದೆ. ಶಾಲೆಯನ್ನು ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿಸುವುದು. ಈ ಪಟ್ಟಿ 1966ರ ಕಾನೂನಿನಿಂದ ಬಂದದ್ದು. ಸಾಮಾನ್ಯವಾಗಿ 50 ವರ್ಷ ದಾಟಿದ ಕಟ್ಟಡಗಳನ್ನು ನೋಡುತ್ತಾರೆ. ಕ್ರೆಡಿಟ್‌ನ ದಾರಿ ಸಲೀಸಾಗುವುದರಿಂದ, ಪಟ್ಟಿಗೆ ಸೇರಿದ ಶಾಲೆಗೆ ಕೊಳ್ಳುವವರು ಸಿಗುವುದು ಸುಲಭ. ನನ್ನ ಸೊಸೆಗೆ ನಾನು ಕೊಟ್ಟ ಮೊದಲ ಕೆಲಸವೇ ಇದು. ಸಿಟಿಯವರ ಹತ್ತಿರ ಹೋಗಿ, ಪಟ್ಟಿಗೆ ಸೇರಿಸುವ ಅರ್ಜಿ ಯಾರು ಬರೆಯುತ್ತಾರೆ ಅಂತ ಕೇಳು ಅಂದೆ.

ಉಗುರು ತಾಗಿಸುವ ಮೊದಲು

ಅರ್ಜಿಯಲ್ಲಿ ಮೂರು ಭಾಗ. ಮೊದಲ ಭಾಗ, ಈ ಕಟ್ಟಡಕ್ಕೆ ಚರಿತ್ರೆಯ ಮಹತ್ವ ಇದೆ ಅಂತ ತೋರಿಸುವುದು. ಎರಡನೆಯದು, ನಾವು ಏನೇನು ಕೆಲಸ ಮಾಡುತ್ತೇವೆ ಅಂತ ಒಂದೊಂದಾಗಿ ಬರೆಯುವುದು. ಮೂರನೆಯದು, ಮಾಡಿ ಮುಗಿಸಿದ್ದೇವೆ, ನೋಡಿ ಅಂತ ತೋರಿಸುವುದು. ಅರ್ಜಿ ಮೊದಲು ರಾಜ್ಯದ ಪರಂಪರೆ ಕಚೇರಿಗೆ ಹೋಗುತ್ತದೆ. ಅಲ್ಲಿಂದ ಅವರ ಅಭಿಪ್ರಾಯದ ಜೊತೆ ಕೇಂದ್ರ ಸರ್ಕಾರದ ನ್ಯಾಷನಲ್ ಪಾರ್ಕ್ ಸರ್ವಿಸ್‌ಗೆ ಹೋಗುತ್ತದೆ. ಕೊನೆಯ ಮಾತು ಅವರದ್ದು. ತೆರಿಗೆ ಲೆಕ್ಕದ ಮಾತು ಮಾತ್ರ ತೆರಿಗೆ ಇಲಾಖೆಯದ್ದು.

ಕಟ್ಟಡ ಇನ್ನೂ ಪಟ್ಟಿಯಲ್ಲಿ ಇಲ್ಲದಿದ್ದರೂ ಮೊದಲ ಭಾಗ ಹಾಕಬಹುದು. ಸೇರುವ ಲಕ್ಷಣ ಇದೆ ಅಂತ ಅವರು ಪ್ರಾಥಮಿಕ ಒಪ್ಪಿಗೆ ಕೊಡುತ್ತಾರೆ. ಕಟ್ಟಡ ಇನ್ನೂ ನಿಮ್ಮ ಹೆಸರಿಗೆ ಬರದಿದ್ದರೆ ಸಿಟಿಯ ಒಪ್ಪಿಗೆ ಪತ್ರ ಸೇರಿಸಿ ಹಾಕಬಹುದು.

ಎಲ್ಲಕ್ಕಿಂತ ಮುಖ್ಯ ಎರಡನೆಯ ಭಾಗ. ಅದಕ್ಕೆ ಒಪ್ಪಿಗೆ ಬರುವವರೆಗೆ ಒಂದು ಕಿಟಕಿಯನ್ನೂ ತೆಗೆಯಬೇಡಿ. ಕಾನೂನಿನಲ್ಲಿ ಕೆಲಸ ಶುರು ಮಾಡಬಾರದು ಅಂತ ಇಲ್ಲ. ಶುರು ಮಾಡಿದವರು ತಮ್ಮ ಜವಾಬ್ದಾರಿಯಲ್ಲಿ ಮಾಡುತ್ತಾರೆ, ಅಷ್ಟೇ. ಆದರೆ ನನ್ನ ಕಣ್ಣೆದುರೇ ನಡೆದದ್ದನ್ನು ಹೇಳುತ್ತೇನೆ. ನಮ್ಮ ಆಫೀಸಿಗೆ ಒಂದು ಇಟ್ಟಿಗೆ ಶಾಲೆ ಬಂತು. ಕೊಂಡವರು ಆತುರದವರು. ಅರ್ಜಿ ಬರೆಯುವ ಮೊದಲೇ ಹೊರಗೋಡೆಗೆ ಮರಳು ಹೊಡೆಸಿ ಕೊಳೆ ತೆಗೆಸಿದ್ದರು. ದೂರದಿಂದ ಗೋಡೆ ಹೊಸದರ ಹಾಗೆ ಕೆಂಪಗೆ ಕಾಣುತ್ತಿತ್ತು. ಹತ್ತಿರ ಹೋಗಿ ಕೈ ಇಟ್ಟರೆ ಬೆರಳಿಗೆ ಪುಡಿ. ಇಟ್ಟಿಗೆಗೆ ಸುಟ್ಟಾಗ ಬರುವ ಗಟ್ಟಿ ಮೇಲ್ಮೈ ಇರುತ್ತದೆ. ಮರಳು ಅದನ್ನು ಕಿತ್ತು ಹಾಕುತ್ತದೆ. ಆಮೇಲೆ ನೀರು ಒಳಗೆ ಹೋಗುತ್ತದೆ. ಚಳಿಯಲ್ಲಿ ಅದು ಹೆಪ್ಪುಗಟ್ಟಿ ಇಟ್ಟಿಗೆ ಒಡೆಯುತ್ತದೆ. ಈ ಕ್ರೆಡಿಟ್‌ಗೆ ಪಾಲಿಸಬೇಕಾದ ದುರಸ್ತಿಯ ಹತ್ತು ನಿಯಮಗಳಲ್ಲಿ ಮರಳು ಹೊಡೆಸುವುದರ ಹೆಸರು ಹಿಡಿದೇ ಬರೆದಿದ್ದಾರೆ. ಆ ಶಾಲೆಗೆ ಕ್ರೆಡಿಟ್ ಸಿಗಲಿಲ್ಲ. ಹೋದ ದುಡ್ಡಿಗಿಂತ ನನಗೆ ಆ ಗೋಡೆಯನ್ನು ನೋಡಿ ಜಾಸ್ತಿ ಸಂಕಟ ಆಯಿತು.

ಸಿಟಿಯವರೂ ಇದೇ ತಪ್ಪು ಮಾಡುವುದುಂಟು. ಮಾರುವ ಮೊದಲು ಸ್ವಚ್ಛ ಮಾಡಿ ಕೊಡೋಣ ಅಂತ, ಆಸ್ಬೆಸ್ಟಾಸ್ ತೆಗೆಯುವ ನೆಪದಲ್ಲಿ ಗಾರೆ, ಮರದ ಪಟ್ಟಿ, ಸೀಲಿಂಗು ಎಲ್ಲ ಕಿತ್ತು ರಾಶಿ ಹಾಕುತ್ತಾರೆ. ಆಸ್ಬೆಸ್ಟಾಸ್, ಸೀಸದ ಬಣ್ಣ ತೆಗೆಯಲೇಬೇಕು. ಅದಕ್ಕೆ ಸಿಟಿಗಳಿಗೆ ಕೇಂದ್ರ ಪರಿಸರ ಸಂಸ್ಥೆಯ ಅನುದಾನವೂ ಇದೆ. ಆದರೆ ಅದರ ಮೊದಲು ಪ್ರತಿ ಕೋಣೆಯ ಫೋಟೋ ಆಗಿರಬೇಕು. ಯಾವುದನ್ನು ಮುಟ್ಟಬಾರದು ಅಂತ ಗುರುತು ಹಾಕಿ ಆಗಿರಬೇಕು. ಮೊದಲು ಯಾರು ಕಿತ್ತರು ಅಂತ ಆಮೇಲೆ ಯಾರೂ ಕೇಳುವುದಿಲ್ಲ. ಕಟ್ಟಡದಲ್ಲಿ ಏನು ಉಳಿದಿದೆ ಅಂತಲೇ ನೋಡುತ್ತಾರೆ.

ಶಾಲೆಯೊಳಗೆ ಏನನ್ನು ಉಳಿಸಬೇಕು

ನನಗೆ ಪ್ರೀತಿಯ ಭಾಗ ಇದು.

ಅಮೆರಿಕದ ಆ ಕಾಲದ ಶಾಲೆಯ ಬಾಗಿಲು ದಾಟಿದ ಕೂಡಲೇ ಅಗಲ ಕಾರಿಡಾರು. ನಮ್ಮಲ್ಲಿ ಜಗಲಿ ಇದ್ದ ಹಾಗೆ, ಅಲ್ಲಿ ಅದು. ಎರಡೂ ಕಡೆ ತರಗತಿಗಳು. ಎತ್ತರದ ಕಿಟಕಿಗಳು, ಯಾಕೆಂದರೆ ಬೆಳಕು ಕೋಣೆಯ ಆಚೆ ಗೋಡೆವರೆಗೆ ಮುಟ್ಟಬೇಕಿತ್ತು. ಗೋಡೆಯಲ್ಲಿ ಸ್ಲೇಟುಕಲ್ಲಿನ ಕಪ್ಪು ಹಲಗೆ. ಅದರ ಕೆಳಗೆ ಸೀಮೆಸುಣ್ಣ ಇಡುವ ಮರದ ಪಟ್ಟಿ. ಮಕ್ಕಳ ಕೋಟು ನೇತು ಹಾಕುವ ಸಣ್ಣ ಕೋಣೆ. ಸವೆದ ಮೆಟ್ಟಿಲು. ನಡುವೆ ಎಲ್ಲೋ ಒಂದು ದೊಡ್ಡ ಸಭಾಂಗಣ.

ಹೊಸಬರು ಮಾಡುವ ಮೊದಲ ತಪ್ಪು ಕಾರಿಡಾರಿನ ಮೇಲೆ. ಇಷ್ಟು ಅಗಲ ಯಾಕೆ, ದಂಡ ಅಲ್ವಾ ಅಂತ ಅದನ್ನು ಕಿರಿದು ಮಾಡಿ ಮನೆಗಳಿಗೆ ಸೇರಿಸಲು ಹೋಗುತ್ತಾರೆ. ಒಪ್ಪುವುದಿಲ್ಲ. ಕಾರಿಡಾರು ಇದ್ದರೇ ಅದು ಶಾಲೆ ಅಂತ ಗೊತ್ತಾಗುವುದು. ಒಂದು ತರಗತಿಗೆ ಒಂದು ಮನೆ ಅಂತ ನಕ್ಷೆ ಬರೆದರೆ ಹೆಚ್ಚು ಕಡಿಮೆ ಎಲ್ಲ ಸರಿಹೋಗುತ್ತದೆ. ಬಾಗಿಲು ಇದ್ದಲ್ಲೇ ಇರುತ್ತದೆ. ಅಡುಗೆ, ಬಚ್ಚಲು ಎಲ್ಲ ಕಾರಿಡಾರಿನ ಕಡೆಯ ಗೋಡೆಗೆ ಒತ್ತಿ ಕೂರಿಸಿ, ಕಿಟಕಿಯ ಕಡೆ ಪೂರ್ತಿ ತೆರೆದಿಡಬೇಕು. ನಾನು ಬರೆದ ನಕ್ಷೆಗಳಲ್ಲಿ ಕಪ್ಪು ಹಲಗೆಯನ್ನು ಅಡುಗೆ ಮೇಜಿನ ಪಕ್ಕಕ್ಕೆ ಬರುವ ಹಾಗೆ ಮಾಡುತ್ತಿದ್ದೆ. ಆ ಮನೆಗಳು ಮೊದಲು ಬಾಡಿಗೆಗೆ ಹೋಗುತ್ತಿದ್ದವು.

ಎರಡನೆಯ ತಪ್ಪು ಸೀಲಿಂಗು. ಎಸಿ ಕೊಳವೆ ಮುಚ್ಚಲು ಸುಳ್ಳು ಸೀಲಿಂಗು ಇಳಿಸುತ್ತಾರೆ. ಅದು ಕಿಟಕಿಯ ತಲೆಯನ್ನು ಅಡ್ಡ ಕತ್ತರಿಸುತ್ತದೆ. ಹೊರಗಿನಿಂದಲೂ ಕಾಣುತ್ತದೆ. ಕೊಳವೆಗಳನ್ನು ಕಾರಿಡಾರಿನ ಕಡೆ ಅಡುಗೆ, ಬಚ್ಚಲಿನ ಮೇಲೆ ಮಾತ್ರ ಓಡಿಸಿ. ಮೂರನೆಯದು ಗಾರೆ. ಇಟ್ಟಿಗೆ ಕಾಣಬೇಕು, ಚಂದ ಅಂತ ಒಳಗೋಡೆಯ ಗಾರೆ ಕೆರೆದು ಹಾಕುತ್ತಾರೆ. ಶಾಲೆಯ ಒಳಗೋಡೆ ಯಾವತ್ತೂ ಬರಿ ಇಟ್ಟಿಗೆಯಾಗಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಇಡಿ.

ಕಿಟಕಿಗಳಿಗೆ ಒಂದು ವಾರ ಕೊಡಿ. ಪ್ರತಿ ಕಿಟಕಿಗೆ ನಂಬರು ಹಾಕಿ, ಚೌಕಟ್ಟು, ಗಾಜು, ಕೆಳಗಿನ ಮರ ಹೇಗಿದೆ ಅಂತ ಒಂದು ಪಟ್ಟಿ ಮಾಡಿ. ದುರಸ್ತಿ ಆಗುವುದನ್ನು ದುರಸ್ತಿ ಮಾಡಬೇಕು. ಆಗದೇ ಇರುವುದಕ್ಕೆ ಮಾತ್ರ ಅದೇ ಅಳತೆ, ಅದೇ ಗೆರೆಯ ಹೊಸದು. "ಎಲ್ಲ ಹಾಳಾಗಿದೆ" ಅಂತ ಒಂದು ಸಾಲು ಬರೆದರೆ ಯಾರೂ ನಂಬುವುದಿಲ್ಲ. ಸಭಾಂಗಣವನ್ನು ಕತ್ತರಿಸಿ ಮನೆ ಮಾಡುವುದು ಕಷ್ಟ. ಅದನ್ನು ಊರಿನವರ ಸಭೆಗೋ, ಮದುವೆಗೋ, ಬಾಡಿಗೆದಾರರ ವ್ಯಾಯಾಮಕ್ಕೋ ಇಟ್ಟುಕೊಳ್ಳಿ. ಸಿಟಿಯವರ ಮನಸ್ಸು ಗೆಲ್ಲುವುದಕ್ಕೂ ಅದೇ ಒಳ್ಳೆಯ ದಾರಿ.

ಕ್ರೆಡಿಟ್ಟು ದುಡ್ಡಾಗುವುದು ಹೇಗೆ

ನನ್ನ ಸೊಸೆಯಂಥ ಸಂಬಳದಾರರಿಗೆ ವರ್ಷಕ್ಕೆ ಒಂದೂವರೆ ಲಕ್ಷ ಡಾಲರ್ ಕ್ರೆಡಿಟ್ ಬಳಸಲು ಆಗುವುದಿಲ್ಲ. ಅಷ್ಟು ತೆರಿಗೆ ಅವರಿಗೆ ಇರುವುದಿಲ್ಲ. ಇದ್ದರೂ ವ್ಯಕ್ತಿಗಳಿಗೆ ಬೇರೆ ಮಿತಿಗಳಿವೆ. ಕೇಂದ್ರದ ಕ್ರೆಡಿಟ್ಟನ್ನು ಸುಮ್ನೆ ಮಾರುವ ಹಾಗೂ ಇಲ್ಲ. ಮಿಸೌರಿಯದ್ದನ್ನು ಮಾರಬಹುದು, ಕೇಂದ್ರದ್ದನ್ನಲ್ಲ. ಆದ್ದರಿಂದ ತೆರಿಗೆ ಜಾಸ್ತಿ ಇರುವ ಬ್ಯಾಂಕನ್ನೋ ಕಂಪನಿಯನ್ನೋ ಪಾಲುದಾರರಾಗಿ ಸೇರಿಸಿಕೊಳ್ಳುತ್ತಾರೆ. ಅವರು ದುಡ್ಡು ಹಾಕುತ್ತಾರೆ, ಕ್ರೆಡಿಟ್ ಅವರ ಪಾಲಿಗೆ ಹೋಗುತ್ತದೆ.

ಪಾಲುದಾರಿಕೆ ನಿಜವಾಗಿರಬೇಕು. ಅಟ್ಲಾಂಟಿಕ್ ಸಿಟಿಯ ಬೋರ್ಡ್‌ವಾಕ್ ಹಾಲ್‌ನ ಕೇಸು ಎಲ್ಲರಿಗೂ ಪಾಠ. ಅದೂ ಸರ್ಕಾರಿ ಸಂಸ್ಥೆಯ ಕೈಯಲ್ಲಿದ್ದ ಕಟ್ಟಡ. ಕ್ರೆಡಿಟ್‌ಗಾಗಿ ಬಂದ ಕಂಪನಿಗೆ ನಷ್ಟದ ಭಯವೂ ಇರಲಿಲ್ಲ, ಲಾಭದ ಪಾಲೂ ಇರಲಿಲ್ಲ. ಹಾಗಾದರೆ ಅವರು ಪಾಲುದಾರರೇ ಅಲ್ಲ ಅಂತ 2012ರಲ್ಲಿ ಮೇಲ್ಮನವಿ ಕೋರ್ಟು ಹೇಳಿತು. ಇದಾದ ಮೇಲೆ 2014ರಲ್ಲಿ ತೆರಿಗೆ ಇಲಾಖೆ ಹೇಗಿದ್ದರೆ ಸರಿ ಅಂತ ನಿಯಮ ಬರೆದು ಕೊಟ್ಟಿತು. ಈಗ ಎಲ್ಲರೂ ಅದನ್ನು ಹಿಡಿದೇ ಹೋಗುತ್ತಾರೆ. ಇದಕ್ಕೆ ಈ ಕೆಲಸ ಗೊತ್ತಿರುವ ವಕೀಲರು, ಲೆಕ್ಕಪರಿಶೋಧಕರು ಇಬ್ಬರೂ ಬೇಕು. ಇಲ್ಲಿ ಉಳಿತಾಯ ಮಾಡಬೇಡಿ.

ಬಳಕೆಗೆ ತೆರೆದ ಮೇಲೆ ಐದು ವರ್ಷ ಕಟ್ಟಡ ಮಾರಬಾರದು. ಮೊದಲ ವರ್ಷದಲ್ಲೇ ಮಾರಿದರೆ ಕ್ರೆಡಿಟ್ ಪೂರ್ತಿ ವಾಪಸು ಕಟ್ಟಬೇಕು. ಒಂದೊಂದು ವರ್ಷ ಕಳೆದ ಹಾಗೆ ಅದು 20% ಕಡಿಮೆಯಾಗುತ್ತದೆ. ಫ್ಲ್ಯಾಟುಗಳಾಗಿ ಮಾರುವ ಆಸೆ ಇರುವವರಿಗೆ ಈ ದಾರಿ ಅಲ್ಲ. ಕೊಂಡವನು ತಾನೇ ವಾಸ ಮಾಡುವ ಮನೆಗೂ ಇದು ಸಿಗುವುದಿಲ್ಲ.

ನಮ್ಮ ಕಡೆಯ ಶಾಲೆ

ನಮ್ಮಲ್ಲಿ ಇಂಥ ಕ್ರೆಡಿಟ್ ಇಲ್ಲ. ಆದರೂ ಕೆಲಸದ ಕ್ರಮ ಅದೇ.

ಮೊದಲು ಒಡೆತನ. ಏಡೆಡ್, ಅಂದರೆ ಸರ್ಕಾರದ ಅನುದಾನ ಪಡೆಯುವ ಖಾಸಗಿ ಶಾಲೆಯಾದರೆ ಕಟ್ಟಡ ಮೆನೇಜರರದ್ದು. ಸರ್ಕಾರಿ ಪ್ರೈಮರಿ ಶಾಲೆಯಾದರೆ ಕೇರಳದಲ್ಲಿ ಅದನ್ನು ನೋಡಿಕೊಳ್ಳುವುದು ಗ್ರಾಮ ಪಂಚಾಯತು. ಪಂಚಾಯತಿನ ಆಸ್ತಿ ರಿಜಿಸ್ಟರಿನಲ್ಲಿ ಕಟ್ಟಡ ಹೇಗೆ ಬರೆದಿದೆ ಅಂತ ನೋಡಿ. ನಮ್ಮ ಕಡೆ, ಕೇರಳಕ್ಕೆ ಸೇರಿದ 1956ಕ್ಕಿಂತ ಹಿಂದಿನ ಕಾಗದಗಳು ದಕ್ಷಿಣ ಕನ್ನಡ ಜಿಲ್ಲೆಯ ಕಾಲದವು, ಸಾಮಾನ್ಯವಾಗಿ ಕನ್ನಡದಲ್ಲಿ ಇರುತ್ತವೆ. ಹೊಸ ಕಾಗದ ಮಲಯಾಳದಲ್ಲಿ ಇರುತ್ತದೆ. ಎರಡನ್ನೂ ಪಕ್ಕ ಪಕ್ಕ ಇಟ್ಟು ಸರ್ವೆ ನಂಬರು ತಾಳೆ ಹಾಕಿ ನೋಡಬೇಕು. ಹಿರಿಯ ಮೇಷ್ಟ್ರು ಯಾರಾದರೂ ಇದ್ದರೆ ಕರೆದುಕೊಂಡು ಹೋಗಿ.

ಆಮೇಲೆ ಗ್ರಾಮಸಭೆಯಲ್ಲಿ ಮಾತು. ಒಡೆಯಬೇಕು ಅನ್ನುವ ತೀರ್ಮಾನ ಆಗುವ ಮೊದಲೇ ಎದ್ದು ನಿಂತು ಹೇಳಬೇಕು. ಬರಿ "ಉಳಿಸಿ" ಅಂದರೆ ಯಾರೂ ಕೇಳುವುದಿಲ್ಲ. ಯಕ್ಷಗಾನ ಕಲಿಸಲು ಒಂದು ಕೋಣೆ, ಕನ್ನಡ ಪುಸ್ತಕಗಳಿಗೆ ಒಂದು ಕೋಣೆ, ಕುಟುಂಬಶ್ರೀ ಮಹಿಳಾ ಸಂಘದವರಿಗೆ ಒಂದು ಕೋಣೆ ಅಂತ ಬಳಕೆ ತೋರಿಸಿ.

ದುಡ್ಡಿಗೆ ಹಳೇ ವಿದ್ಯಾರ್ಥಿಗಳು, ಪಂಚಾಯತಿನ ಯೋಜನೆ, ಇವೆರಡರ ಜೊತೆ ಇನ್ನೊಂದು ಬಾಗಿಲಿದೆ. 2013ರ ಕಂಪನಿ ಕಾನೂನಿನ ಪ್ರಕಾರ ದೊಡ್ಡ ಕಂಪನಿಗಳು ಲಾಭದ 2% ಅನ್ನು ಸಮಾಜದ ಕೆಲಸಕ್ಕೆ ಕೊಡಬೇಕು. ಯಾವ ಯಾವ ಕೆಲಸಕ್ಕೆ ಅನ್ನುವ ಪಟ್ಟಿಯಲ್ಲಿ ಐತಿಹಾಸಿಕ ಮಹತ್ವದ ಕಟ್ಟಡಗಳನ್ನು ಸರಿಪಡಿಸುವುದೂ ಇದೆ. ಕೇಳುವಾಗ ಕೈಯಲ್ಲಿ ಚರಿತ್ರೆ ಇರಬೇಕು, ನಕ್ಷೆ ಇರಬೇಕು, ಖರ್ಚಿನ ಪಟ್ಟಿ ಇರಬೇಕು. ಅಮೆರಿಕದ ಅರ್ಜಿಯ ಮೊದಲ ಎರಡು ಭಾಗದಲ್ಲಿ ಇರುವುದೂ ಇದೇ ತಾನೇ?

ಕೆಲಸದಲ್ಲಿ ಮೊದಲು ಮಾಡು, ಅಂದರೆ ಛಾವಣಿ. ಒಡೆದ ಹೆಂಚು ಬದಲಿಸಿ, ಒರಲೆ ಹಿಡಿದ ಮರದ ಪಕ್ಕಾಸು, ರೀಪು ತೆಗೆದು ಅದೇ ಅಳತೆಯದ್ದು ಹಾಕಿ. ಇದು ಮಳೆಗೆ ಮೊದಲೇ ಆಗಬೇಕು. ಮಾಡು ನಿಂತರೆ ಮುರಕಲ್ಲಿನ, ಅಂದರೆ ಕೆಂಪುಕಲ್ಲಿನ, ಗೋಡೆ ತಾನಾಗಿ ನಿಲ್ಲುತ್ತದೆ. ಗೋಡೆಗೆ ಸಿಮೆಂಟು ಬಳಿಯಬೇಡಿ. ಸುಣ್ಣದ ಗಾರೆ ಇದ್ದಲ್ಲಿ ಸುಣ್ಣದ ಗಾರೆಯನ್ನೇ ಹಾಕಿ. ಮುರಕಲ್ಲು ನೀರು ಹೀರುತ್ತದೆ, ಸುಣ್ಣ ಅದನ್ನು ಹೊರಗೆ ಬಿಡುತ್ತದೆ. ಸಿಮೆಂಟು ಒಳಗೇ ಹಿಡಿದಿಡುತ್ತದೆ. ಗಂಟೆ ಹೊಡೆಯುತ್ತಿದ್ದ ರೈಲು ಕಂಬಿಯ ತುಂಡು ಇನ್ನೂ ನೇತಾಡುತ್ತಿದ್ದರೆ ಅದನ್ನು ಗುಜರಿಯವನು ಒಯ್ಯದ ಹಾಗೆ ಇವತ್ತೇ ಒಳಗಿಡಿ.

ಫೋಟೋ ತೆಗೆಯುವ ಕ್ರಮವನ್ನು ಸೊಸೆಗೆ ಹೇಳಿದ ಹಾಗೆಯೇ ಇಲ್ಲಿ ಬರೆಯುತ್ತೇನೆ. ಎರಡು ಕಡೆಗೂ ಅದು ಒಂದೇ. ಕಟ್ಟಡದ ನಾಲ್ಕೂ ಮುಖ, ನಾಲ್ಕೂ ಮೂಲೆ ಹೊರಗಿನಿಂದ. ಆಮೇಲೆ ಬಾಗಿಲಲ್ಲಿ ನಿಂತು ಒಳಗೆ. ಪ್ರತಿ ಕೋಣೆಯಲ್ಲಿ ಎದುರು ಬದುರು ಎರಡು ಮೂಲೆಯಿಂದ ಒಂದೊಂದು, ಸೀಲಿಂಗು ಅಥವಾ ಮಾಡಿನ ಒಳಗಿನದ್ದು ಒಂದು, ನೆಲದ್ದು ಒಂದು. ಪ್ರತಿ ಫೋಟೋಗೆ ನಂಬರು. ಅದೇ ನಂಬರನ್ನು ನಕ್ಷೆಯಲ್ಲಿ ನೀವು ನಿಂತ ಜಾಗದಲ್ಲಿ ಬರೆದು, ನೋಡಿದ ದಿಕ್ಕಿಗೆ ಒಂದು ಬಾಣ. ಫೋಟೋದ ಹಿಂದೆ ತಾರೀಕು. ಬೆಳಿಗ್ಗೆ ಒಂಬತ್ತಕ್ಕೆ ಶುರು ಮಾಡಿದರೆ ಹತ್ತು ಕೋಣೆಯ ಶಾಲೆ ಸಂಜೆಗೆ ಮುಗಿಯುತ್ತದೆ. ಇಬ್ಬರು ಹೋಗಿ. ಒಬ್ಬರಿಗೆ ಟೇಪು ಹಿಡಿಯಲು ಇನ್ನೊಬ್ಬರು ಬೇಕು.